ದೂರವೋ, ಕತ್ತಲೆಯೋ: ಕ್ಯಾಮೆರಾ ಕೊಳ್ಳುವ ಮುನ್ನ

ಕೆರೆಯ ಈಚೆ ದಡದಲ್ಲಿ ನಿಂತು ಆಚೆ ದಡದ ಹೆಜ್ಜಾರ್ಲೆಯ ಕೊಕ್ಕಿನ ಮೇಲಿರುವ ಚುಕ್ಕೆಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ತೋರಿಸುತ್ತಿದ್ದ ಸೂಪರ್‌ಝೂಮ್ ಕ್ಯಾಮೆರಾ ಒಂದು ನನ್ನ ಬಳಿ ಇತ್ತು. ಅದನ್ನು ಕೊಂಡ ವರ್ಷವೇ ಊರಿಗೆ ಯಕ್ಷಗಾನ ಮೇಳ ಬಂತು. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಹೋಗಿ ರಂಗಸ್ಥಳದ ಎದುರು ಮೂರನೆಯ ಸಾಲಿನಲ್ಲಿ ಕುಳಿತೆ. ಬೆಳಗಿನ ಜಾವದ ಹೊತ್ತಿಗೆ ನಾನೂರು ಚಿತ್ರಗಳಾಗಿದ್ದವು. ಮನೆಯಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದರೆ, ನಿಂತು ಅರ್ಥ ಹೇಳುವಾಗ ತೆಗೆದವು ಮಾತ್ರ ಪರವಾಗಿಲ್ಲ ಎನ್ನುವಂತಿದ್ದವು. ಧೀಂಗಿಣ ಹಾಕುವ, ಅಂದರೆ ಗಿರ್ರನೆ ಸುತ್ತಿ ಕುಣಿಯುವ ವೇಷಕ್ಕೆ ಮುಖವೇ ಇರಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು, ಹಳದಿ ಬಣ್ಣಗಳು ಕಲಸಿಹೋಗಿದ್ದವು. ಕ್ಯಾಮೆರಾ ಕೆಟ್ಟಿರಲಿಲ್ಲ. ದೂರವನ್ನು ಗೆಲ್ಲಲೆಂದು ಮಾಡಿದ ಯಂತ್ರವನ್ನು ನಾನು ಕತ್ತಲೆಯ ಎದುರು ನಿಲ್ಲಿಸಿದ್ದೆ.

ಅಂದಿನಿಂದ ಯಾರಾದರೂ ‘ಯಾವ ಕ್ಯಾಮೆರಾ ಕೊಳ್ಳಲಿ’ ಎಂದು ಕೇಳಿದರೆ ನಾನು ಮೊದಲು ಕಂಪನಿಯ ಹೆಸರು ಹೇಳುವುದಿಲ್ಲ. ನೀವು ತೆಗೆಯಬೇಕೆಂದಿರುವ ವಿಷಯ ನಿಮ್ಮಿಂದ ಎಷ್ಟು ದೂರದಲ್ಲಿರುತ್ತದೆ, ಎಂಥ ಬೆಳಕಿನಲ್ಲಿರುತ್ತದೆ, ಅಲುಗಾಡುತ್ತದೆಯೇ ಇಲ್ಲವೇ ಎಂದು ಕೇಳುತ್ತೇನೆ. ಹೆಚ್ಚಿನವರಿಗೆ ದೂರ ಅಥವಾ ಕತ್ತಲೆ, ಎರಡರಲ್ಲಿ ಒಂದು ದೊಡ್ಡ ತೊಡಕಾಗಿರುತ್ತದೆ. ಸಾಧಾರಣ ಹಣದಲ್ಲಿ ಅವುಗಳಲ್ಲಿ ಒಂದನ್ನು ಮಾತ್ರ ಗೆಲ್ಲಬಹುದು. ಎರಡನ್ನೂ ಒಟ್ಟಿಗೆ ಗೆಲ್ಲುತ್ತೇನೆಂದು ಹೊರಟರೆ ಬೆಲೆ ಲಕ್ಷಗಳಲ್ಲಿ ಏರುತ್ತದೆ.

ಇದಕ್ಕೆ ಕಾರಣ ಸರಳ. ಹಂಚಿನ ಮನೆಯ ಸೂರಿನ ಕೆಳಗೆ ಒಂದು ಲೋಟವನ್ನೂ ಒಂದು ಹಂಡೆಯನ್ನೂ ಇಟ್ಟರೆ ಒಂದೇ ಮಳೆಯಲ್ಲಿ ಎರಡಕ್ಕೂ ಒಂದೇ ಪ್ರಮಾಣದ ನೀರು ಸಿಗುವುದಿಲ್ಲ. ಕ್ಯಾಮೆರಾದ ಸೆನ್ಸರ್ ಬೆಳಕು ಹಿಡಿಯುವ ಪಾತ್ರೆ. ಸೂಪರ್‌ಝೂಮ್ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಕಿರುಬೆರಳ ಉಗುರಿಗಿಂತ ಚಿಕ್ಕದು. ಎಪಿಎಸ್‌ಸಿ ಎಂದು ಕರೆಯುವ ಮಧ್ಯಮ ಗಾತ್ರದ್ದು ಸುಮಾರು 23.5 ಮತ್ತು 15.6 ಮಿ.ಮೀ. (ಕ್ಯಾನನ್‌ನಲ್ಲಿ ತುಸು ಕಡಿಮೆ). ಹಳೆಯ ಫಿಲ್ಮಿನ ಗಾತ್ರವನ್ನೇ ಉಳಿಸಿಕೊಂಡ ಫುಲ್‌ಫ್ರೇಮ್ 36 ಮತ್ತು 24 ಮಿ.ಮೀ. ಲೆಕ್ಕ ಹಾಕಿದರೆ ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣ ಸೂಪರ್‌ಝೂಮ್‌ನದಕ್ಕಿಂತ 30 ಪಟ್ಟು. ಆದರೆ ಪಾತ್ರೆ ದೊಡ್ಡದಾದಂತೆ ದೂರದ್ದನ್ನು ಹತ್ತಿರಕ್ಕೆ ತರುವ ಲೆನ್ಸೂ ಅದಕ್ಕೆ ತಕ್ಕಂತೆ ಉದ್ದವಾಗಬೇಕು, ಭಾರವಾಗಬೇಕು, ದುಬಾರಿಯಾಗಬೇಕು. ಚಿಕ್ಕ ಸೆನ್ಸರ್ ಇರುವುದರಿಂದಲೇ ಸೂಪರ್‌ಝೂಮ್ ಒಂದು ಕಿಲೋ ತೂಕದಲ್ಲಿ ಆಚೆ ದಡವನ್ನು ಮುಟ್ಟುತ್ತದೆ.

ಮೊದಲು ಮೊಬೈಲ್

ನಿಮ್ಮ ಜೇಬಿನಲ್ಲಿರುವ ಮೊಬೈಲ್ ಸಾಕೇ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಮನೆಯ ಸಮಾರಂಭ, ಪ್ರವಾಸ, ಅಡುಗೆ, ಹಂಪಿಯ ಬಯಲಿನ ಕಲ್ಲಿನ ರಥ, ಹಗಲಿನಲ್ಲಿ ಆಡುವ ಮಕ್ಕಳು, ಇವಕ್ಕೆಲ್ಲ ಒಳ್ಳೆಯ ಮೊಬೈಲ್ ಸಾಕು. ಅದು ಒಂದು ಚಿತ್ರಕ್ಕೆ ಹಲವು ಚಿತ್ರಗಳನ್ನು ಕ್ಷಣದಲ್ಲಿ ತೆಗೆದು ಬೆಸೆಯುತ್ತದೆ. ಆಕಾಶ ಬಿಳಿಚಿಕೊಳ್ಳದೆ, ನೆರಳು ಕಪ್ಪಾಗದೆ ಬರುವುದು ಈ ಬೆಸುಗೆಯಿಂದ. ಹೀಗೆ ಬೆಸೆಯಬೇಕಾದರೆ ಎದುರಿನದು ಅಲುಗಾಡಬಾರದು. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದೊಳಗೆ ಎಷ್ಟೇ ಮಬ್ಬಾಗಿದ್ದರೂ ಕಂಬ ಕದಲುವುದಿಲ್ಲ. ಮೊಬೈಲಿನ ರಾತ್ರಿ ಮೋಡ್ ಅಲ್ಲಿ ನನ್ನನ್ನು ಬೆರಗಾಗಿಸಿದೆ. ಅದೇ ಮೊಬೈಲನ್ನು ಯಕ್ಷಗಾನಕ್ಕೋ, ದೀಪದ ಬೆಳಕಿನಲ್ಲಿ ಓಡಾಡುವ ಮಗುವಿನ ಎದುರಿಗೋ ಹಿಡಿದರೆ ಚಿತ್ರ ಕಲಸಿಹೋಗುತ್ತದೆ.

ಕತ್ತಲೆಯಲ್ಲಿ ಎರಡು ಬಗೆ ಇದೆ ಎನ್ನುವುದನ್ನು ನಾನು ಕಲಿತದ್ದು ಹೀಗೆ. ನಿಶ್ಚಲವಾದ ಕತ್ತಲೆಯನ್ನು ಮೊಬೈಲೂ ಗೆಲ್ಲುತ್ತದೆ. ಕೈನಡುಕವನ್ನು ತಡೆಯುವ ಸ್ಟೆಬಿಲೈಸೇಶನ್ ಇರುವ ಯಾವ ಕ್ಯಾಮೆರಾ ಆದರೂ ಗೆಲ್ಲುತ್ತದೆ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕಾಗುವುದರಿಂದ, ಶಿಲ್ಪಗಳ ಚಿತ್ರ ತೆಗೆಯುವವರು ಕ್ಯಾಮೆರಾದ ದೇಹದಲ್ಲೇ ಸ್ಟೆಬಿಲೈಸೇಶನ್ ಇರುವುದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಆದರೆ ಆ ಸೌಲಭ್ಯ ನಿಮ್ಮ ಕೈಯನ್ನು ಮಾತ್ರ ಸ್ಥಿರಗೊಳಿಸುತ್ತದೆ. ಕುಣಿಯುವವರ ಕಾಲನ್ನು ನಿಲ್ಲಿಸುವುದಿಲ್ಲ. ‘ಸ್ಟೆಬಿಲೈಸೇಶನ್ ಇದೆ, ಕತ್ತಲೆಯಲ್ಲೂ ಚೆನ್ನಾಗಿ ಬರುತ್ತದೆ’ ಎಂದು ಅಂಗಡಿಯವರು ಹೇಳಿದರೆ ಏನು ತೆಗೆದರೆ ಚೆನ್ನಾಗಿ ಬರುತ್ತದೆ ಎಂದು ಕೇಳಿ.

ದೂರದ ಹಕ್ಕಿಗೆ: ಸೂಪರ್‌ಝೂಮೋ, ಮಿರರ್‌ಲೆಸ್ಸೋ

ಹಕ್ಕಿ ನೋಡುವ ಹವ್ಯಾಸಿಗಳು ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲಿ. ಎರಡು ಜೋಡಿಗಳನ್ನು ಎದುರುಬದುರು ಇಡುತ್ತೇನೆ. ಒಂದು ಕಡೆ ನಿಕಾನ್ ಪಿ950. ಲೆನ್ಸ್ ಅಂಟಿಕೊಂಡೇ ಬರುತ್ತದೆ, ಬದಲಿಸಲಾಗುವುದಿಲ್ಲ, 83 ಪಟ್ಟು ಝೂಮ್, ಫುಲ್‌ಫ್ರೇಮ್ ಲೆಕ್ಕದಲ್ಲಿ (ಅಂದರೆ ಅದೇ ನೋಟಕ್ಕೆ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಬೇಕಾಗುವ ಲೆನ್ಸಿನ ಅಳತೆಯಲ್ಲಿ) 24ರಿಂದ 2000 ಎಂಎಂ, ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ, ತೂಕ ಸುಮಾರು 1 ಕಿಲೋ. ಇನ್ನೊಂದು ಕಡೆ ಕ್ಯಾನನ್ ಆರ್10 ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ), ಅದಕ್ಕೆ 635 ಗ್ರಾಂ ತೂಗುವ 100-400 ಎಂಎಂ ಲೆನ್ಸ್. ಕೂಡಿದರೆ ಇದೂ 1 ಕಿಲೋ ಚಿಲ್ಲರೆ. ಎಪಿಎಸ್‌ಸಿ ಸೆನ್ಸರ್ ಆದ್ದರಿಂದ ಈ 400 ಎಂಎಂ ಫುಲ್‌ಫ್ರೇಮ್ ಲೆಕ್ಕದಲ್ಲಿ 640 ಎಂಎಂ ಆಗುತ್ತದೆ.

ಅಂಕಿ ನೋಡಿದರೆ 2000ದ ಎದುರು 640 ಎಲ್ಲಿಯ ಲೆಕ್ಕ ಎನ್ನಿಸುತ್ತದೆ. ಆದರೂ ಮಿಂಚುಳ್ಳಿ ನೀರಿಗೆ ಧುಮುಕುವುದನ್ನು, ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ ಗೂಡಿಗಿಳಿಯುವುದನ್ನು ತೆಗೆಯಬೇಕೆನ್ನುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಅದು ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಬೆನ್ನುಹತ್ತುತ್ತದೆ. ಮೆಕ್ಯಾನಿಕಲ್ ಶಟರಿನಲ್ಲೇ (ಬೆಳಕಿಗೆ ತೆರೆದು ಮುಚ್ಚುವ ಪರದೆ) ಸೆಕೆಂಡಿಗೆ 15 ಚಿತ್ರ ತೆಗೆಯುತ್ತದೆ. ಸೂಪರ್‌ಝೂಮ್‌ನಲ್ಲಿ ಫೋಕಸ್ ನಿಧಾನ, ಕೆಲವೇ ಚಿತ್ರಗಳನ್ನು ತೆಗೆದ ಮೇಲೆ ಅವನ್ನು ಕಾರ್ಡಿಗೆ ಬರೆಯಲು ಅದು ನಿಂತುಬಿಡುತ್ತದೆ. ಅಷ್ಟರಲ್ಲಿ ಹಕ್ಕಿ ಮೀನು ನುಂಗಿ ಆಗಿರುತ್ತದೆ. ಇನ್ನೊಂದು ವಿಷಯವನ್ನು ಜಾಹೀರಾತುಗಳು ಹೇಳುವುದಿಲ್ಲ. ಬೇಸಿಗೆಯಲ್ಲಿ ಬಿಸಿಲುಗುದುರೆ ಏಳುವ ಹೊತ್ತಿಗೆ ಕೆರೆಯಂಗಳದ ಗಾಳಿಯೇ ನಡುಗುತ್ತಿರುತ್ತದೆ. ಆಗ 2000 ಎಂಎಂ ಝೂಮ್ ಹಕ್ಕಿಯ ಜತೆಗೆ ಆ ನಡುಕವನ್ನೂ ಹಿಗ್ಗಿಸಿ ತೋರಿಸುತ್ತದೆ. ಅದನ್ನು ಯಾವ ಲೆನ್ಸೂ ಸರಿಪಡಿಸಲಾರದು. ಬೆಳಿಗ್ಗೆ ಎಂಟರೊಳಗೆ ಹೋಗಬೇಕು, ಅಥವಾ ಹತ್ತಿರ ಹೋಗಬೇಕು.

ಹಾಗೆಂದು ಸೂಪರ್‌ಝೂಮ್ ಬೇಡವೆನ್ನಲು ನನಗೆ ಮನಸ್ಸಿಲ್ಲ. ಕೂತ ಹಕ್ಕಿ ಯಾವುದೆಂದು ಗುರುತಿಸಿ ಪಟ್ಟಿಗೆ ಸೇರಿಸಬೇಕು, ಕಾಲಿನ ಬಣ್ಣ, ರೆಕ್ಕೆಯ ಪಟ್ಟೆ ಕಂಡರೆ ಸಾಕು, ಗೋಡೆಗೆ ಹಾಕುವ ಚಿತ್ರ ಬೇಡ ಎನ್ನುವ ಹಕ್ಕಿಪ್ರೇಮಿಗೆ ಅದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ. ಲೆನ್ಸ್ ಬದಲಿಸುವ ಗೋಜಿಲ್ಲ, ಧೂಳು ಒಳಹೋಗುವ ಭಯವಿಲ್ಲ. ಚಂದ್ರನ ಕುಳಿಗಳನ್ನು ಮಕ್ಕಳಿಗೆ ತೋರಿಸಬೇಕೆನ್ನುವ ಶಿಕ್ಷಕರಿಗೂ ಇದನ್ನೇ ಹೇಳುತ್ತೇನೆ. ಎರಡರ ನಡುವೆ ಸೋನಿ ಆರ್‌ಎಕ್ಸ್10 ಮಾರ್ಕ್ 4 ಇದೆ. ಸೆನ್ಸರ್ ಸೂಪರ್‌ಝೂಮ್‌ಗಿಂತ ನಾಲ್ಕು ಪಟ್ಟು ದೊಡ್ಡದು, 24ರಿಂದ 600 ಎಂಎಂ, ಫೋಕಸ್ ಚುರುಕು. ಆದರೆ ಅದು 2017ರ ಕ್ಯಾಮೆರಾ, ಮತ್ತು ಅದರ ಬೆಲೆಯಲ್ಲಿ ಈಗಿನ ಮಿರರ್‌ಲೆಸ್ ಒಂದನ್ನು ಲೆನ್ಸ್ ಸಮೇತ ತರಬಹುದು.

ನೀವು ಎಲ್ಲಿಗೆ ಹೋಗುತ್ತೀರಿ ಎಂಬುದೂ ಲೆನ್ಸನ್ನು ನಿರ್ಧರಿಸುತ್ತದೆ. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ 200-300 ಎಂಎಂ ಸಾಕು. ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಸಮೀಪಕ್ಕೇ ಹೋಗುತ್ತದೆ. ಆದರೆ ದೋಣಿ ಅಲುಗಾಡುತ್ತಿರುತ್ತದೆ, ಟ್ರೈಪಾಡ್ ನಿಲ್ಲುವುದಿಲ್ಲ, ಪಕ್ಕದಲ್ಲಿ ಬೇರೆಯವರ ಮೊಣಕೈ ಇರುತ್ತದೆ. 2 ಕಿಲೋದ 180-600 ಲೆನ್ಸ್ ಹಿಡಿದು ಅಲ್ಲಿ ಪರದಾಡುವವರನ್ನು ನೋಡಿದ್ದೇನೆ. ಹಗುರವಾದ 100-400 ಹಿಡಿದವರು ಹೆಚ್ಚು ಚಿತ್ರ ತಂದಿರುತ್ತಾರೆ. ತುಮಕೂರು ಜಿಲ್ಲೆಯ ಮೈದನಹಳ್ಳಿಯ ಬಯಲಿನ ಕೃಷ್ಣಮೃಗಗಳಿಗೆ ಮಾತ್ರ 600 ಎಂಎಂ ಕೂಡ ಕೆಲವೊಮ್ಮೆ ಸಾಲದು.

ಕುಣಿಯುವ ಕತ್ತಲೆಗೆ

ಮತ್ತೆ ರಂಗಸ್ಥಳಕ್ಕೆ ಬರುತ್ತೇನೆ, ನನ್ನ ಮನಸ್ಸಿರುವುದು ಅಲ್ಲೇ. ವೇಷ ಗಿರಕಿ ಹೊಡೆಯುವಾಗ ಅದನ್ನು ಚಿತ್ರದಲ್ಲಿ ನಿಲ್ಲಿಸಲು ಶಟರ್ ಕನಿಷ್ಠ ಸೆಕೆಂಡಿನ 500ನೆಯ ಒಂದು ಭಾಗವಾದರೂ ಇರಬೇಕು. ಅಷ್ಟು ಸಣ್ಣ ಅವಧಿಯಲ್ಲಿ ಸಾಕಷ್ಟು ಬೆಳಕು ಒಳಬರಬೇಕಾದರೆ ಲೆನ್ಸಿನ ಕಿಂಡಿ ದೊಡ್ಡದಿರಬೇಕು. ಕಿಂಡಿಯ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮೆರಾದ ಡಬ್ಬಿಯಲ್ಲೇ ಬರುವ ಕಿಟ್ ಲೆನ್ಸ್‌ಗಳನ್ನು ಝೂಮ್ ಮಾಡಿದರೆ ಹಲವಕ್ಕೆ ಎಫ್ 6.3 ಆಗುತ್ತದೆ. 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ 12 ಪಟ್ಟು ಹೆಚ್ಚು ಬೆಳಕು ಬಿಡುತ್ತದೆ. ಇಷ್ಟು ವ್ಯತ್ಯಾಸ ತರುವ ಈ ಪುಟ್ಟ ಲೆನ್ಸ್, ಡಿಎಸ್‌ಎಲ್‌ಆರ್‌ನದಾದರೆ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ), ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಇಡೀ ಛಾಯಾಗ್ರಹಣದಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ಲಾಭ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಎಪಿಎಸ್‌ಸಿ ಕ್ಯಾಮೆರಾಕ್ಕೆ ಹಾಕಿದ 50 ಎಂಎಂ ಫುಲ್‌ಫ್ರೇಮ್ ಲೆಕ್ಕದಲ್ಲಿ 75-80 ಎಂಎಂನಂತೆ ಕಾಣುತ್ತದೆ. ಮೂರನೆಯ ಸಾಲಿನಿಂದ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ಹಿಡಿದರೆ ಕಿರೀಟದಿಂದ ಗೆಜ್ಜೆಯವರೆಗೆ ಇಡೀ ವೇಷ ಸಿಗುತ್ತದೆ, ಸುತ್ತ ಸ್ವಲ್ಪ ಜಾಗವೂ ಉಳಿಯುತ್ತದೆ. ಕಿಂಡಿ ದೊಡ್ಡದಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆ, ಎಫ್ 1.8ರಲ್ಲಿ ಒಂದು ವೇಷ ಮಾತ್ರ ಸ್ಪಷ್ಟ. ಇಬ್ಬರು ಎದುರುಬದುರು ವಾದಕ್ಕೆ ನಿಂತರೆ ಕಿಂಡಿಯನ್ನು ಎಫ್ 2.8ಕ್ಕೆ ಕಿರಿದಾಗಿಸುತ್ತೇನೆ.

ಹಾಗಾದರೆ ಫುಲ್‌ಫ್ರೇಮ್ ಬೇಡವೇ? ಕ್ಯಾನನ್ ಆರ್8, ನಿಕಾನ್ ಝಡ್5, ಸೋನಿ ಎ7 ಮಾರ್ಕ್ 3ರಂಥ ಕ್ಯಾಮೆರಾಕ್ಕೆ 85 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ ಅದೇ ನೋಟಕ್ಕೆ ಇನ್ನೂ ಎರಡು ಎರಡೂವರೆ ಪಟ್ಟು ಬೆಳಕು ದಕ್ಕುತ್ತದೆ. ಕಪ್ಪು ಬಣ್ಣದಲ್ಲಿ ಕಾಣುವ ಕಾಳುಕಾಳಾದ ನಾಯ್ಸ್ ಕಡಿಮೆಯಾಗುತ್ತದೆ, ಕಚ್ಚೆಯ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಫಲ ನಿಜವಾದದ್ದೇ. ಆದರೆ ಕಿಟ್ ಲೆನ್ಸಿನಿಂದ 50 ಎಂಎಂಗೆ ಹಾರಿದಾಗ ಸಿಕ್ಕ 12 ಪಟ್ಟಿನ ಎದುರು ಈ ಎರಡೂವರೆ ಪಟ್ಟು ಚಿಕ್ಕದು, ಖರ್ಚು ಮಾತ್ರ ಬಹಳ ದೊಡ್ಡದು. ಮೊದಲು ಎಪಿಎಸ್‌ಸಿ ಮತ್ತು ಎಫ್ 1.8. ಒಂದು ವರ್ಷ ತೆಗೆದ ಮೇಲೂ ನಿಮ್ಮ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿಯವೇ ಆಗಿದ್ದರೆ ಆಗ ಫುಲ್‌ಫ್ರೇಮ್ ಯೋಚನೆ ಮಾಡಿ.

ಯಕ್ಷಗಾನ, ನಾಟಕ, ಭರತನಾಟ್ಯ ತೆಗೆಯುವವರು ಕೊಳ್ಳುವ ಮುನ್ನ ಎರಡು ಸಂಗತಿಗಳನ್ನು ಪರೀಕ್ಷಿಸಬೇಕು. ಮೌನ ಶಟರ್ ಎಂಬ (ಪರದೆ ಬಳಸದ) ಸೌಲಭ್ಯದಿಂದ ಭಾಗವತರ ಪದದ ನಡುವೆ ಟಕಟಕ ಸದ್ದು ಕೇಳಿಸದು, ನಿಜ. ಆದರೆ ಎಲ್‌ಇಡಿ ದೀಪಗಳ ಬೆಳಕಿನಲ್ಲಿ ಅದು ಹೆಚ್ಚಿನ ಕ್ಯಾಮೆರಾಗಳಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆಗಳನ್ನು ಎಳೆಯುತ್ತದೆ. ಈಗ ಹಲವು ಮೇಳಗಳಲ್ಲಿ ಎಲ್‌ಇಡಿ ದೀಪಗಳೇ ಇವೆ. ಆದ್ದರಿಂದ ಮೆಕ್ಯಾನಿಕಲ್ ಶಟರೂ ದೀಪದ ಮಿನುಗು ತಡೆಯುವ ಸೌಲಭ್ಯವೂ ಇರುವ ಕ್ಯಾಮೆರಾ ಬೇಕು. ಎರಡನೆಯದು ಮುಖ ಗುರುತಿಸುವ ಫೋಕಸ್. ಸ್ತ್ರೀವೇಷ, ಪುಂಡುವೇಷಗಳಲ್ಲಿ (ತರುಣ ವೀರರ ಪಾತ್ರ) ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದಾಗ ನನ್ನ ಕ್ಯಾಮೆರಾ ಅದನ್ನು ಮುಖವೆಂದೇ ಒಪ್ಪದೆ ಹಿಂದೆ ಕುಳಿತ ಚೆಂಡೆಯವರ ಮುಖಕ್ಕೆ ಜಿಗಿದದ್ದಿದೆ. ಒಂದು ಗುಂಡಿ ಒತ್ತಿ ಮುಖ ಗುರುತಿಸುವಿಕೆಯನ್ನು ನಿಲ್ಲಿಸಿ ನಡುವಿನ ಚುಕ್ಕೆಗೆ ಮರಳುವಂತೆ ಹೊಂದಿಸಿಕೊಳ್ಳಲು ಬರಬೇಕು. ಆ ಅನುಕೂಲ ಇಲ್ಲದಿದ್ದರೆ ಬಣ್ಣದ ವೇಷದ ಒಡ್ಡೋಲಗ (ವೈಭವದ ಪ್ರವೇಶ) ಕೈತಪ್ಪುತ್ತದೆ.

ಇಡೀ ಆಟದ ವಿಡಿಯೊ ತೆಗೆಯುವ ಆಸೆ ಇದ್ದರೆ ಹಳೆಯ ಕ್ಯಾಮೆರಾಗಳಲ್ಲಿ ಹಲವು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ ಎನ್ನುವುದು ತಿಳಿದಿರಲಿ.

ದೂರವೂ ಕತ್ತಲೆಯೂ ಕೂಡಿದರೆ

ನಾಗರಹೊಳೆ, ಬಂಡೀಪುರದಲ್ಲಿ ಬೆಳಗಿನ ಸಫಾರಿ ಹೊರಟಾಗ ಕಾಡಿನೊಳಗೆ ಇನ್ನೂ ಮಬ್ಬು. ಚಿರತೆ ಕಾಣಿಸಿದರೆ ಕಾಣಿಸುವುದು ಆಗಲೇ, ಅದೂ ದೂರದ ಕೊಂಬೆಯ ಮೇಲೆ. ಇಲ್ಲಿ ಎರಡು ತೊಡಕುಗಳೂ ಒಟ್ಟಿಗೆ ಎದುರಾಗುತ್ತವೆ. ವೃತ್ತಿಪರರು ಬಳಸುವ 400 ಎಂಎಂ ಎಫ್ 2.8 ಲೆನ್ಸಿನ ಎದುರಿನ ಗಾಜು 14 ಸೆಂ.ಮೀ.ಗೂ ಅಗಲವಿರಲೇಬೇಕು, 400ನ್ನು 2.8ರಿಂದ ಭಾಗಿಸಿದರೆ ಬರುವ ಅಳತೆ ಅದು. ಅಂಥ ಗಾಜನ್ನು ಉಜ್ಜಿ ತೀಡಿ ಮಾಡುವ ಕೆಲಸದಿಂದಾಗಿ ಬೆಲೆ ಕಾರಿನ ಬೆಲೆಗೆ ಸಮನಾಗುತ್ತದೆ. ವರ್ಷಕ್ಕೊಮ್ಮೆ ಕಾಡಿಗೆ ಹೋಗುವವರು ಅದನ್ನು ಕೊಳ್ಳುವುದು ಬೇಡ. ಬೆಂಗಳೂರಿನಲ್ಲಿ ಲೆನ್ಸ್‌ಗಳನ್ನು ದಿನದ ಬಾಡಿಗೆಗೆ ಕೊಡುವವರಿದ್ದಾರೆ. ಎರಡು ದಿನಕ್ಕೆ ತಂದು ಹಿಂದಿರುಗಿಸಿ. ಸಫಾರಿ ಟಿಕೆಟಿನ ಜತೆಗೆ ಕ್ಯಾಮೆರಾಕ್ಕೂ ಪ್ರತ್ಯೇಕ ಶುಲ್ಕ ಇರುವುದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಿ. ಜೀಪಿನ ಕಂಬಿಯ ಮೇಲೆ ಲೆನ್ಸ್ ಊರಲು ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ, ಅಕ್ಕಿ ತುಂಬಿ ಹೊಲಿದ ಚೀಲ ಸಾಕು. ನಾನು ಬಳಸುವುದು ಅದನ್ನೇ.

ಹಳೆಯ ಡಿಎಸ್‌ಎಲ್‌ಆರ್ ಕೊಳ್ಳಬಹುದೇ

ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಬಿಡುಗಡೆ ಮಾಡಿಲ್ಲ. ಹೊಸ ಲೆನ್ಸ್‌ಗಳೆಲ್ಲ ಮಿರರ್‌ಲೆಸ್‌ಗೇ ಬರುತ್ತಿವೆ. ಹೀಗಾಗಿ ಹೊಸತಾಗಿ ಡಿಎಸ್‌ಎಲ್‌ಆರ್ ಕೊಳ್ಳಬೇಡಿ ಎಂದು ನೇರವಾಗಿ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಬೇರೆ ಮಾತು. ಕೈಯಲ್ಲಿ ಮೂವತ್ತು ನಲವತ್ತು ಸಾವಿರ ಇರುವ ವಿದ್ಯಾರ್ಥಿಗೆ ನಿಕಾನ್ ಡಿ7500 ಅಥವಾ ಕ್ಯಾನನ್ 80ಡಿಯಂಥ ಕ್ಯಾಮೆರಾ, ಜತೆಗೊಂದು 50 ಎಂಎಂ ಲೆನ್ಸ್ ಸಿಕ್ಕರೆ ಅದೇ ಹಣದ ಹೊಸ ಕ್ಯಾಮೆರಾಕ್ಕಿಂತ ಹೆಚ್ಚು ಕಲಿಸುತ್ತದೆ. ಬ್ಯಾಟರಿಯೂ ದೀರ್ಘ ಬಾಳಿಕೆಯದು. ಡಿ7500ಕ್ಕೆ ಒಂದು ಚಾರ್ಜಿಗೆ 950 ಚಿತ್ರಗಳೆಂಬ ಲೆಕ್ಕವಿದೆ. ಅಗ್ಗದ ಮಿರರ್‌ಲೆಸ್‌ಗಳು ಅದರ ಅರ್ಧವನ್ನೂ ಮುಟ್ಟುವುದಿಲ್ಲ, ಇಡೀ ರಾತ್ರಿಯ ಆಟಕ್ಕೆ ಮೂರು ಬ್ಯಾಟರಿ ಬೇಕಾಗುತ್ತವೆ.

ಹಳೆಯದನ್ನು ಕೊಳ್ಳುವಾಗ ಶಟರ್ ಎಷ್ಟು ಸಲ ಬಿದ್ದಿದೆ ಎಂದು ನೋಡಿ. ಡಿ7500ರ ಶಟರ್ 1,50,000 ಸಲಕ್ಕೆ ಪರೀಕ್ಷೆಯಾದದ್ದು. ನಿಕಾನ್ ಚಿತ್ರದ ಕಡತದಲ್ಲೇ ಆ ಲೆಕ್ಕ ಅಡಗಿರುತ್ತದೆ. ಮದುವೆ ಚಿತ್ರ ತೆಗೆಯುವವರು ಮಾರುವ ಕ್ಯಾಮೆರಾ ಹೊರಗೆ ಫಳಫಳ ಹೊಳೆಯುತ್ತಿದ್ದರೂ ಶಟರ್ ಎಣಿಕೆ ಲಕ್ಷ ದಾಟಿರಬಹುದು. ನಿಕಾನ್‌ನ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ದೇಹದಲ್ಲಿ ಫೋಕಸ್ ಮೋಟರ್ ಇಲ್ಲ. ಅವಕ್ಕೆ ಹಳೆಯ ಡಿ ಗುರುತಿನ 50 ಎಂಎಂ ಲೆನ್ಸ್ ಹಾಕಿದರೆ ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ನನಗೆ ಒಂದು ಅಂಗಡಿಯಲ್ಲಿ ಅಂಥ ಜೋಡಿಯನ್ನೇ ಕೊಟ್ಟಿದ್ದರು. ಜಿ ಗುರುತಿನದನ್ನು ಕೇಳಿ ಪಡೆಯಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಕರಾವಳಿ, ಮಲೆನಾಡಿನ ಲೆನ್ಸ್‌ಗಳಲ್ಲಿ ಜೇಡರ ಬಲೆಯ ಎಳೆಯಂತೆ ಫಂಗಸ್ ಹಬ್ಬಿರುತ್ತದೆ. ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಮಳೆಗಾಲಕ್ಕೆ ಮುನ್ನ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶಮಾಪಕ ತಂದಿಟ್ಟುಕೊಳ್ಳಿ. ಒಳಗಿನ ತೇವ ಶೇ 40ರಿಂದ 50ರೊಳಗೆ ಇರಲಿ. ಕ್ಯಾಮೆರಾದ ಚರ್ಮದ ಚೀಲದಲ್ಲೇ ಬೀರುವಿನೊಳಗೆ ಇಟ್ಟರೆ ಆಗಸ್ಟ್ ಹೊತ್ತಿಗೆ ಬೂಷ್ಟು ಬಂದಿರುತ್ತದೆ.

ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು: 12 ಇಂಚು ಅಗಲ, 8 ಇಂಚು ಎತ್ತರದ ಒಳ್ಳೆಯ ಮುದ್ರಣಕ್ಕೆ 9 ಮೆಗಾಪಿಕ್ಸೆಲ್ ಸಾಕು, ಮನೆಯ 4ಕೆ ಟಿ.ವಿ. ತೋರಿಸುವುದು ಅದಕ್ಕೂ ಕಡಿಮೆ. ಈಗಿನ ಕ್ಯಾಮೆರಾಗಳಲ್ಲಿ 20ಕ್ಕಿಂತ ಕಡಿಮೆ ಇರುವುದೇ ಅಪರೂಪ. ಆ ಅಂಕಿಗಾಗಿ ಹೆಚ್ಚು ಹಣ ಕೊಡಬೇಡಿ, ಉಳಿದ ಹಣವನ್ನು ಲೆನ್ಸಿಗೆ ಹಾಕಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಗಾಜಿನ ಕಪಾಟಿನ ಪ್ರಖರ ದೀಪದ ಕೆಳಗೆ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ತೆಗೆಯುತ್ತವೆ. ಅಂಗಡಿಯ ಮಬ್ಬು ಮೂಲೆಯಲ್ಲಿ ಓಡಾಡುವವರನ್ನು ತೆಗೆಯಿರಿ, ಹೊರಗೆ ಬಂದು ರಸ್ತೆಯಾಚೆಯ ತಂತಿಯ ಮೇಲಿನ ಕಾಗೆಯನ್ನು ತೆಗೆಯಿರಿ, ಮನೆಯಲ್ಲಿ ದೊಡ್ಡ ಪರದೆಯ ಮೇಲೆ ನೋಡಿ ಮರುದಿನ ನಿರ್ಧರಿಸಿ. ಬಿಲ್ಲಿನಲ್ಲಿ ಕ್ಯಾಮೆರಾದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಹೊರದೇಶದಿಂದ ಬೇರೆ ದಾರಿಯಲ್ಲಿ ಬಂದ ಕ್ಯಾಮೆರಾ ಐದಾರು ಸಾವಿರ ಅಗ್ಗವಿರಬಹುದು, ಆದರೆ ಕೆಟ್ಟರೆ ಇಲ್ಲಿನ ವಾರಂಟಿ ಅದಕ್ಕೆ ಸಿಗುವುದಿಲ್ಲ.

ನನ್ನ ಹಳೆಯ ಸೂಪರ್‌ಝೂಮ್ ಈಗ ಅಕ್ಕನ ಮಗಳ ಬಳಿ ಇದೆ. ತೋಟದ ಅಂಚಿನ ಆಲದ ಮರಕ್ಕೆ ಹಣ್ಣು ತಿನ್ನಲು ಬರುವ ಮಂಗಟ್ಟೆಗಳನ್ನು ಅವಳು ಮನೆಯ ಜಗಲಿಯಿಂದಲೇ ತೆಗೆದು ದಿನಾಂಕ ಹಾಕಿ ಇಡುತ್ತಾಳೆ. ಈ ವರ್ಷದ ಪುಸ್ತಕದಲ್ಲಿ ಈಗಾಗಲೇ 61 ಜಾತಿಯ ಹಕ್ಕಿಗಳಿವೆ.